ನಮ್ಮ ಮನೆಯ ಚಾವಡಿಯು ಯಾರಿಗಾಗಿ?

ಹೆಣ್ಣುಮಕ್ಕಳ ಪ್ರೌಢಶಾಲೆಯ ಸ್ಮರಣ ಸಂಚಿಕೆಯಲ್ಲಿ ಕುರ್ಚಿ, ಪರದೆ, ದೀಪಗಳ ವಿಷಯವಾಗಿ ಬರೆಯುವುದು ಅಲ್ಪವಾದ ಸಂಗತಿಗೆ ದೊಡ್ಡ ಸ್ಥಳವನ್ನು ಕೊಟ್ಟಂತಾಯಿತೆಂದು ಕೆಲವರಿಗೆ ತೋರಬಹುದು. ವಿದ್ಯೆ, ಸೇವೆ, ಸದಾಚಾರ ಮುಂತಾದ ಘನವಾದ ವಿಷಯಗಳಿರುವಾಗ ಮನೆಯ ಸಾಮಾನಿನ ಮಾತೇಕೆ ಎಂದು ಕೇಳುವವರೂ ಉಂಟು. ಅಂಥವರಿಗೆ ನಮ್ಮ ಉತ್ತರವು ಇಷ್ಟೇ. ಹುಡುಗಿಯು ಶಾಲೆಯಲ್ಲಿ ಸಂಪಾದಿಸಿದ ವಿದ್ಯೆಯು ಸಾಯಂಕಾಲ ಅವಳ ಸಂಗಡ ಮನೆಗೆ ಬರುತ್ತದೆ. ಬಂದ ಮೇಲೆ ಅದಕ್ಕೆ ಎಲ್ಲಿಯಾದರೂ ಕುಳಿತುಕೊಳ್ಳಲು ಸ್ಥಳ ಬೇಕಷ್ಟೆ. ಆ ಸ್ಥಳವು ಮನೆಯಲ್ಲಿ ಉಂಟೋ ಇಲ್ಲವೋ ಎಂಬುದೇ ಈ ಲೇಖನದ ವಿಷಯವು.

ಮನೆಯವರೆಲ್ಲರೂ ಕೂಡುವ ಕೋಣೆಗೆ ನಮ್ಮ ನಾಡಿನಲ್ಲಿ ಹೆಸರುಗಳು ಹಲವು. ಕರಾವಳಿಯಲ್ಲಿ ಅದು ಚಾವಡಿ. ಮೈಸೂರು ಸೀಮೆಯಲ್ಲಿ ನಡುಮನೆ ಅಥವಾ ಹಜಾರ. ಧಾರವಾಡದ ಕಡೆಗೆ ಪಡಸಾಲೆ. ಈಗ ಎಲ್ಲ ಕಡೆಯಲ್ಲಿಯೂ ಅದನ್ನು ಹಾಲ್ ಎಂದೇ ಕರೆಯುತ್ತಾರೆ. ಹೆಸರು ಯಾವುದಾದರೂ ಆಗಲಿ, ಪೂರ್ವದಲ್ಲಿ ಅದು ಕೆಲಸ ನಡೆಯುವ ಕೋಣೆಯಾಗಿತ್ತು. ಒಂದು ಮೂಲೆಯಲ್ಲಿ ಅಜ್ಜನು ಗೇಣಿಯ ಲೆಕ್ಕವನ್ನು ಬರೆಯುತ್ತಿದ್ದನು. ಇನ್ನೊಂದು ಮೂಲೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಬಾಗಿಲ ಬಳಿಯಲ್ಲಿ ಅಜ್ಜಿಯು ಎಲೆಯಡಿಕೆಯ ತಟ್ಟೆಯನ್ನಿಟ್ಟುಕೊಂಡು ಬಂದವರನ್ನು ವಿಚಾರಿಸುತ್ತಿದ್ದಳು. ಮಕ್ಕಳು ದೀಪದ ಸುತ್ತಲೂ ಕುಳಿತು ಮಗ್ಗಿಯನ್ನು ಹೇಳುತ್ತಿದ್ದರು. ಚಾಪೆ, ಮಣೆ, ಕಾಲುಮಣೆಗಳೇ ಅದರ ಸಾಮಾನು. ಬೇಕಾದಾಗ ಹಾಸುವುದು, ಕೆಲಸ ತೀರಿದ ಮೇಲೆ ಸುತ್ತಿಡುವುದು. ಆ ಕಾಲದ ಎಲ್ಲವೂ ಒಳ್ಳೆಯದಾಗಿತ್ತೆಂದು ನಾವು ಹೇಳುವುದಿಲ್ಲ. ಆ ಚಾವಡಿಯಲ್ಲಿ ಓದುತ್ತಿದ್ದ ಮಕ್ಕಳಲ್ಲಿ ಹೆಣ್ಣುಮಕ್ಕಳು ವಿರಳವೇ. ಆದರೂ ಕೋಣೆಯು ಮನೆಯವರದು ಎಂಬ ಒಂದು ಸಂಗತಿಯಾದರೂ ಅಲ್ಲಿ ಸ್ಪಷ್ಟವಾಗಿತ್ತು.

ಈಗಿನ ಚಾವಡಿಯನ್ನು ನೋಡಿರಿ. ಗೋಡೆಯಿಂದ ಗೋಡೆಗೆ ಹಬ್ಬಿದ ಸೋಫಾ, ನಡುವೆ ಗಾಜಿನ ಮೇಜು, ಎದುರಿಗೆ ಬೀಗ ಹಾಕಿದ ಗಾಜಿನ ಕಪಾಟು, ಅದರೊಳಗೆ ಯಾರೂ ಎಂದೂ ಉಪಯೋಗಿಸದ ಪಿಂಗಾಣಿಯ ಬಟ್ಟಲುಗಳು, ಮೇಲೆ ದೊಡ್ಡ ಟೀವಿ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದ ಕಾಲದಿಂದ ಬಹು ವರ್ಷಗಳವರೆಗೆ ರೇಡಿಯೋ ಎಂಬುದು ಕಿವಿಗೆ ಮಾತ್ರ ಬೇಕಾದ ವಸ್ತುವಾಗಿತ್ತು. ಅದನ್ನು ಕೇಳುತ್ತ ಹೂವು ಕಟ್ಟಬಹುದಾಗಿತ್ತು, ಬಟ್ಟೆ ಹೊಲಿಯಬಹುದಾಗಿತ್ತು. 1982ರಲ್ಲಿ ನಮ್ಮ ದೇಶಕ್ಕೆ ಬಣ್ಣದ ಟೀವಿಯು ಬಂದ ಮೇಲೆ ಕುರ್ಚಿಗಳೆಲ್ಲ ಒಂದೇ ಗೋಡೆಯ ಕಡೆಗೆ ಮುಖವನ್ನು ತಿರುಗಿಸಿದವು. ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುವಂತೆ ಇಟ್ಟಿದ್ದ ಆಸನಗಳು ಸಾಲಾಗಿ ನಿಂತವು. ಇದರ ಮೇಲೆ, ಸೋಫಾವು ಕೊಳೆಯಾದೀತೆಂಬ ಭಯದಿಂದ ಮಕ್ಕಳನ್ನು ಅದರ ಹತ್ತಿರ ಸೇರಿಸದ ಮನೆಗಳೂ ಉಂಟು. ತಿಂಗಳಿಗೆ ಎರಡಾವರ್ತಿ ಬರುವ ಅತಿಥಿಗಾಗಿ ಮನೆಯ ಅತ್ಯಂತ ವಿಶಾಲವಾದ, ಗಾಳಿ ಬೆಳಕುಗಳುಳ್ಳ ಕೋಣೆಯನ್ನು ಮೀಸಲಾಗಿಟ್ಟು, ದಿನವೂ ಅಲ್ಲೇ ವಾಸಿಸುವ ಮಗಳು ಮಂಚದ ತುದಿಯಲ್ಲಿಯೋ ಅಡಿಗೆಮನೆಯ ಬಾಗಿಲಲ್ಲಿಯೋ ಪುಸ್ತಕವನ್ನು ಬಿಡಿಸಿಕೊಳ್ಳುವುದು ಯಾವ ನ್ಯಾಯ?

ಒಂದು ಮನೆಯಲ್ಲಿ ಯಾರಿಗೆ ಎಷ್ಟು ಬೆಲೆಯೆಂಬುದನ್ನು ತಿಳಿಯಲು ಮನೆಯವರನ್ನು ಕೇಳಬೇಕಾಗಿಲ್ಲ. ರಾತ್ರಿ ಏಳು ಗಂಟೆಗೆ ಆ ಚಾವಡಿಯಲ್ಲಿ ಅತ್ಯುತ್ತಮವಾದ ಬೆಳಕು ಯಾರ ಮೇಲೆ ಬೀಳುತ್ತದೆ, ಗಾಳಿ ಬರುವ ಕಿಟಿಕಿಯ ಬಳಿಯ ಆಸನವು ಯಾರದು, ಕುಳಿತುಕೊಳ್ಳಲು ಸ್ಥಳವೇ ಇಲ್ಲದೆ ನಿಂತುಕೊಂಡೇ ಇರುವವರು ಯಾರು, ಇವಿಷ್ಟನ್ನು ನೋಡಿದರೆ ಸಾಕು. ಆದಕಾರಣ ಕೋಣೆಯನ್ನು ಅಲಂಕರಿಸುವ ಕಾರ್ಯವು ಅಂಗಡಿಯಲ್ಲಿ ಆರಂಭವಾಗಬಾರದು. ಮನೆಯವರ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು, ಪ್ರತಿಯೊಬ್ಬರೂ ಈ ಕೋಣೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳುವುದರಿಂದ ಆರಂಭವಾಗಬೇಕು. ಇದೇ ನಮ್ಮ ಅಭಿಪ್ರಾಯವು.

ಈ ಪ್ರಶ್ನೆಯ ಗುರುತ್ವವು ಎಲ್ಲ ತಾಯಿತಂದೆಗಳಿಗೂ ಒಮ್ಮೆ ಕಣ್ಣೆದುರಿಗೆ ಬಂದಿತ್ತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ದೇಶದ ಶಾಲೆಗಳೆಲ್ಲ ಮುಚ್ಚಿದವು. ತರಗತಿಗಳು ಕೈಯೊಳಗಿನ ಫೋನಿಗೆ ಬಂದವು. ಅದುವರೆಗೆ ಶಾಲೆಯ ಬೆಂಚಿನ ಮೇಲೆ ತಮ್ಮನಿಗೂ ಅಕ್ಕನಿಗೂ ಸಮಾನವಾದ ಸ್ಥಳವಿತ್ತು. ಮನೆಯಲ್ಲಿ ಹಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹುಡುಗನು ಮೇಜಿನ ಮುಂದೆಯೂ ಹುಡುಗಿಯು ಒಲೆಯ ಮುಂದೆಯೂ ಕುಳಿತು ಪಾಠವನ್ನು ಕೇಳಿದರು. ಉಪಾಧ್ಯಾಯಿನಿಯು ಪ್ರಶ್ನೆಯನ್ನು ಕೇಳುವಾಗ ಕುಕ್ಕರಿನ ಸಿಳ್ಳು ಉತ್ತರ ಹೇಳಿದ ಪ್ರಸಂಗಗಳನ್ನು ನಗುತ್ತ ಹೇಳಿಕೊಂಡವರುಂಟು. ಆದರೆ ಅದು ನಗುವ ಸಂಗತಿಯಲ್ಲ. ಶಾಲೆಗಳು ಪುನಃ ತೆರೆದವು. ಆ ಸಂಕಟವು ತೀರಿತು. ಮನೆಯಲ್ಲಿ ಹುಡುಗಿಗೆ ಸ್ಥಳವಿಲ್ಲವೆಂಬುದು ಮಾತ್ರ ತೀರಿದೆಯೆಂದು ಹೇಳಲು ನಮಗೆ ಧೈರ್ಯ ಸಾಲದು.

ಇನ್ನು ಮಾಡತಕ್ಕದ್ದೇನು ಎಂಬುದನ್ನು ನೋಡುವ.

ಮೊದಲನೆಯದು ಬೆಳಕು. ನಮ್ಮ ಕರಾವಳಿಯ ಮನೆಗಳಿಗೆ ಈ ವಿಷಯದಲ್ಲಿ ಒಂದು ಹಳೆಯ ಉಪಕಾರವು ಸಂದಿದೆ. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಆ ಹೊಳೆಯ ಆವೆಮಣ್ಣಿನಿಂದ ಸುಟ್ಟ ಕೆಂಪು ಹಂಚುಗಳು ಬಂದ ಮೇಲೆ ಮುಳಿಹುಲ್ಲಿನ ಮಾಡುಗಳು ಕಡಿಮೆಯಾದವು. ಬೆಂಕಿಯ ಭಯವೂ ಪ್ರತಿವರ್ಷ ಹೊದಿಸುವ ಖರ್ಚೂ ಇಳಿದವು. ಈ ಹಂಚಿನ ಸಾಲಿನ ನಡುವೆ ಅದೇ ಆಕೃತಿಯ ಗಾಜಿನ ಹಂಚನ್ನು ಕೂರಿಸುವ ಪದ್ಧತಿಯುಂಟು. ಹಗಲಿನಲ್ಲಿ ಒಂದೆರಡು ಗಾಜಿನ ಹಂಚು ಕತ್ತಲೆಯ ಚಾವಡಿಗೆ ಮಾಡುವ ಉಪಕಾರವನ್ನು ಯಾವ ಬೆಲೆಯುಳ್ಳ ತೂಗುದೀಪವೂ ಮಾಡಲಾರದು. ಹಂಚಿನ ಮನೆಯುಳ್ಳವರು ಆ ಬೆಳಕು ಎಲ್ಲಿ ಬೀಳುತ್ತದೆಯೋ ಅಲ್ಲಿ ಓದುವ ಮೇಜನ್ನಿಡಲಿ. ಆದರೆ ಮಧ್ಯಾಹ್ನದ ನೆಟ್ಟ ಬಿಸಿಲು ಪುಸ್ತಕದ ಮೇಲೆ ಬೀಳದಂತೆ ಒಂದು ಮೊಳ ಸರಿಸಿಕೊಳ್ಳಲಿ. ತಾರಸಿಯ ಮನೆಯವರು ಕಿಟಿಕಿಯ ಬಳಿಯಲ್ಲಿಯೇ ಮೇಜನ್ನಿಡಬೇಕು. ಬಲಗೈಯಲ್ಲಿ ಬರೆಯುವವಳಿಗೆ ಬೆಳಕು ಎಡಗಡೆಯಿಂದಲೂ, ಎಡಗೈಯಲ್ಲಿ ಬರೆಯುವವಳಿಗೆ ಬಲಗಡೆಯಿಂದಲೂ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳದು. ರಾತ್ರಿಗೆ ನಡುಮಾಡಿನ ಒಂದೇ ದೀಪವನ್ನು ನಂಬಬಾರದು. ಆ ದೀಪಕ್ಕೆ ಬೆನ್ನು ಹಾಕಿ ಕುಳಿತವಳು ತನ್ನ ನೆರಳಿನಲ್ಲಿ ತಾನೇ ಓದಬೇಕಾಗುತ್ತದೆ. ಒಂಬತ್ತು ವಾಟಿನ ಎಲ್‌ಇಡಿ ದೀಪವು ಹಿಂದಿನ ಅರುವತ್ತು ವಾಟಿನ ಬಲ್ಬಿನಷ್ಟು ಬೆಳಕನ್ನು ಕೊಡುವುದರಿಂದ, ಮೇಜಿನ ಮೇಲೆ ಪ್ರತ್ಯೇಕವಾದ ಒಂದು ದೀಪವನ್ನಿಟ್ಟರೆ ವಿದ್ಯುತ್ತಿನ ಖರ್ಚು ಹೆಚ್ಚಾಯಿತೆಂದು ದೂರುವ ಕಾರಣವಿಲ್ಲ. ಗೋಡೆಗೂ ಮಾಡಿನ ಒಳಮೈಗೂ ಬಿಳಿಯ ಇಲ್ಲವೆ ತಿಳಿಯಾದ ಬಣ್ಣವನ್ನು ಬಳಿದರೆ, ಇದ್ದ ಬೆಳಕೇ ಇಮ್ಮಡಿಯಾದಂತೆ ತೋರುತ್ತದೆ.

ಎರಡನೆಯದು ಓದುವವಳ ಆಸನವು. ಕುರ್ಚಿಯ ಕೂರುವ ಹಲಗೆಯು ನೆಲದಿಂದ ಸುಮಾರು 17 ಅಥವಾ 18 ಅಂಗುಲ, ಮೇಜು 28ರಿಂದ 30 ಅಂಗುಲ ಇದ್ದರೆ ಬೆಳೆದ ಹುಡುಗಿಗೆ ಬೆನ್ನು ಬಗ್ಗದು. ಸಣ್ಣವಳಾದರೆ ಕಾಲಿನ ಕೆಳಗೆ ಒಂದು ಮಣೆಯನ್ನಿಡಿರಿ. ಪಾದಗಳು ತೂಗಾಡುವಂತೆ ಕುಳಿತವಳ ಮನಸ್ಸೂ ತೂಗಾಡುತ್ತದೆ. ಮೇಜಿಗೆ ಸ್ಥಳವಿಲ್ಲದವರು ಚಿಂತಿಸಬೇಕಾಗಿಲ್ಲ. ಹಿಂದಿನ ಶ್ಯಾನುಭೋಗರು ನೆಲದ ಮೇಲೆ ಕುಳಿತು ಇಳಿಜಾರಾದ ಗಿಡ್ಡ ಪೆಟ್ಟಿಗೆಯ ಮೇಲೆ ಬರೆಯುತ್ತಿದ್ದರಲ್ಲವೆ? ಒಂದು ಅಡಿ ಎತ್ತರದ ಅಂಥ ಪೆಟ್ಟಿಗೆಯನ್ನು ಯಾವ ಬಡಗಿಯಾದರೂ ಮಾಡಿಕೊಟ್ಟಾನು. ಅದರೊಳಗೆ ಪುಸ್ತಕಗಳೂ ನಿಲ್ಲುತ್ತವೆ. ಮುಖ್ಯ ಸಂಗತಿಯೇನೆಂದರೆ, ಅದು ಅವಳದೇ ಆಗಿರಬೇಕು. ಊಟದ ಹೊತ್ತಿಗೆ ತಟ್ಟೆಗಾಗಿಯೂ, ಅತಿಥಿಗಳು ಬಂದಾಗ ಲೋಟಗಳಿಗಾಗಿಯೂ ಅದನ್ನು ತೆರವು ಮಾಡಿಸಬಾರದು. ನಮ್ಮ ಶಾಲೆಯ ಬೋರ್ಡಿಂಗಿನಲ್ಲಿ ವಾಸಿಸಿದವರು ಬಲ್ಲರು: ಸಾಯಂಕಾಲದ ಗಂಟೆ ಬಾರಿಸಿದ ಕೂಡಲೆ ಪ್ರತಿಯೊಬ್ಬಳಿಗೂ ಬೆಂಚಿನ ಮೇಲೆ ಎರಡಡಿಯ ಸ್ಥಳವು ತನ್ನದಾಗಿ ದೊರೆಯುತ್ತಿತ್ತು. ಎರಡೇ ಅಡಿ; ಆದರೆ ಬಡವರ ಮಗಳಿಗೂ ಸಿರಿವಂತರ ಮಗಳಿಗೂ ಅದು ಸಮನಾಗಿತ್ತು, ಅದನ್ನು ಬೇಡಿ ಪಡೆಯಬೇಕಾಗಿರಲಿಲ್ಲ. ಅಷ್ಟನ್ನು ಮನೆಯೂ ಕೊಡಲಾರದೆ?

ಮೂರನೆಯದಾಗಿ ಮನೆಯ ಹಿರಿಯರನ್ನು ನೆನೆಯಬೇಕು. ಮೊಣಕಾಲು ಗಂಟಿನ ನೋವುಳ್ಳ ಅಜ್ಜಿಗೆ ಆಳವಾದ ಮೆತ್ತನೆಯ ಸೋಫಾವು ಆಸನವಲ್ಲ, ಕೆಸರಿನ ಗುಂಡಿ. ಕುಳಿತರೆ ಏಳಲು ಇನ್ನೊಬ್ಬರ ಕೈ ಬೇಕು. ಅವಳಿಗೆ ಗಟ್ಟಿಯಾದ ಕೂರುವ ಹಲಗೆ, ಎರಡು ಕೈಗಳು, ನೆಟ್ಟಗಿನ ಬೆನ್ನು ಉಳ್ಳ ಸ್ವಲ್ಪ ಎತ್ತರದ ಕುರ್ಚಿ ಬೇಕು. ನುಣುಪಾದ ನೆಲದ ಮೇಲೆ ಸಡಿಲವಾಗಿ ಬಿದ್ದಿರುವ ಚಿಕ್ಕ ಕಂಬಳಿಗಳೂ, ನಡೆಯುವ ದಾರಿಯಲ್ಲಿ ಎಳೆದ ವಿದ್ಯುತ್ ತಂತಿಗಳೂ, ಮೊಣಕಾಲಿಗೆ ತಗಲುವ ಗಾಜಿನ ಮೇಜಿನ ಮೂಲೆಗಳೂ ಮುದುಕರ ವೈರಿಗಳು. ಬಾಗಿಲಿನಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಮೂರಡಿಯಷ್ಟು ಅಗಲದ ದಾರಿಯು ಸದಾ ತೆರವಾಗಿರಲಿ. ರಾತ್ರಿಯಲ್ಲಿ ಅಲ್ಲಿ ಒಂದು ಸಣ್ಣ ದೀಪ ಉರಿಯಲಿ. ಸೊಂಟ ಮುರಿದ ಮೇಲೆ ಆಸ್ಪತ್ರೆಗೆ ಕೊಡುವ ಹಣದ ನೂರರಲ್ಲೊಂದು ಪಾಲೂ ಇದಕ್ಕೆ ಬೇಡ.

ನಾಲ್ಕನೆಯದು ಎಲ್ಲರೂ ಮರೆಯುವ ಸಂಗತಿಯು: ಮನೆಯ ತಾಯಿಯ ಆಸನ. ಈ ಕೋಣೆಯಲ್ಲಿ ತಂದೆಯ ಕುರ್ಚಿಯು ಯಾವುದೆಂದು ಎಲ್ಲ ಮಕ್ಕಳೂ ಬಲ್ಲರು. ತಾಯಿಯ ಕುರ್ಚಿಯು ಯಾವುದು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅವಳು ಕಾಫಿಯ ತಟ್ಟೆಯನ್ನು ಹಿಡಿದು ಬಂದು ಹೋಗುವವಳು. ಬೇಥಾನ್ಯದ ಮನೆಯ ವೃತ್ತಾಂತವನ್ನು ಸತ್ಯವೇದದ ತರಗತಿಯಲ್ಲಿ ನಾವೆಲ್ಲರೂ ಓದಿದ್ದೇವೆ. ಮಾರ್ಥಳು ಸತ್ಕಾರದ ಕೆಲಸದಲ್ಲಿ ಬೇಸತ್ತಳು. ಮರಿಯಳು ಗುರುವಿನ ಪಾದದ ಬಳಿಯಲ್ಲಿ ಕುಳಿತು ವಾಕ್ಯವನ್ನು ಕೇಳಿದಳು. ಕುಳಿತು ಕೇಳಿದವಳನ್ನು ಗುರುವು ಎಬ್ಬಿಸಿ ಒಳಗೆ ಕಳುಹಿಸಲಿಲ್ಲ. ಈ ಕಥೆಯನ್ನು ಮಾರ್ಥಳ ನಿಂದೆಗಾಗಿ ಉಪಯೋಗಿಸುವವರೊಡನೆ ನಮಗೆ ಒಪ್ಪಿಗೆಯಿಲ್ಲ. ಮಾರ್ಥಳ ಕೆಲಸವನ್ನು ಎಲ್ಲರೂ ಹಂಚಿಕೊಂಡರೆ ಅವಳೂ ಬಂದು ಕುಳಿತಾಳು. ಆದರೆ ಅವಳು ಬಂದಾಗ ಕುಳಿತುಕೊಳ್ಳುವುದಕ್ಕೆ ಒಂದು ಆಸನವು ಕಾದಿರಬೇಕು. ಅದರ ಪಕ್ಕದಲ್ಲಿ ಹೊಲಿಗೆಯ ಬುಟ್ಟಿಗೂ, ಅವಳು ಅರ್ಧ ಓದಿ ಇಟ್ಟ ಪುಸ್ತಕಕ್ಕೂ ಒಂದು ಸಣ್ಣ ಮೇಜು ಇರಲಿ. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಮದುವೆಯಾದ ಮೇಲೆ ಪುಸ್ತಕವನ್ನೇ ಮುಟ್ಟದ ಎಷ್ಟು ಸಹೋದರಿಯರಿಲ್ಲ! ಅವರಿಗೆ ಬುದ್ಧಿ ಕಡಿಮೆಯಾಗಲಿಲ್ಲ. ಕುಳಿತುಕೊಳ್ಳುವ ಸ್ಥಳವೂ ಅರ್ಧ ಗಂಟೆಯ ಹೊತ್ತೂ ಕಡಿಮೆಯಾದವು.

ಸಾಮಾನುಗಳನ್ನು ಆರಿಸುವಾಗ ಹವೆಯನ್ನು ನೋಡಬೇಕು. ನಮ್ಮ ಕರಾವಳಿಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆಯು ಬಿಟ್ಟು ಬಿಡದೆ ಸುರಿಯುತ್ತದೆ. ಆ ನಾಲ್ಕು ತಿಂಗಳುಗಳಲ್ಲಿ ದಪ್ಪನೆಯ ಬಟ್ಟೆ ಹೊದಿಸಿದ ಸೋಫಾವು ಬೂಸಲು ಹಿಡಿದು ನಾರುತ್ತದೆ. ಭಾರವಾದ ಪರದೆಗಳು ಒಣಗುವುದೇ ಇಲ್ಲ. ಇಲ್ಲಿಗೆ ಬೆತ್ತದ ಕುರ್ಚಿ, ಮರದ ಬೆಂಚು, ಬಿಚ್ಚಿ ಒಗೆಯಬಹುದಾದ ಹತ್ತಿಯ ಗವಸುಗಳುಳ್ಳ ದಿಂಬುಗಳೇ ಯೋಗ್ಯವಾದವುಗಳು. ಕಪಾಟು ಮತ್ತು ಪುಸ್ತಕದ ಹಲಗೆಗಳನ್ನು ಮಳೆ ಬಡಿಯುವ ಗೋಡೆಗೆ ಒತ್ತಿ ಇಡದೆ, ಎರಡು ಮೂರು ಅಂಗುಲ ಬಿಟ್ಟರೆ ಗಾಳಿಯಾಡಿ ಗೆದ್ದಲಿನ ಸುಳಿವೂ ಬೇಗ ಕಣ್ಣಿಗೆ ಬೀಳುತ್ತದೆ. ಬಯಲುಸೀಮೆಯಲ್ಲಿ ವಾಸಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಮಳೆಯ ಬದಲು ಧೂಳು ಮತ್ತು ಬಿಸಿಲಿನ ಬಾಧೆ. ಅವರಿಗೆ ನೆಲದ ಮೇಲೆ ಹಾಸಿ, ಹೊರಗೆ ಒಯ್ದು ಕೊಡವಬಹುದಾದ ಜಮಖಾನವು ಉತ್ತಮವು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರೇ ಮನೆಯ ಮಗ್ಗದಲ್ಲಿ ನೇಯುವ ಜಮಖಾನಗಳು ನವಿಲು, ಪಗಡೆಯ ಹಾಸು ಮೊದಲಾದ ಚಿತ್ರಗಳಿಂದ ಪ್ರಸಿದ್ಧವಾಗಿವೆ. ಹಳೆಯ ಸೀರೆಗಳನ್ನು ಪದರಗಳಾಗಿ ಜೋಡಿಸಿ ಹೊಲಿದ ಕೌದಿಯು ಬೆಂಚಿನ ಮೇಲೆ ಹಾಸಿದರೆ ಯಾವ ಬೆಲೆಯ ಹೊದಿಕೆಗೂ ಕಡಿಮೆಯಿಲ್ಲ. ಅದರಲ್ಲಿ ಅಜ್ಜಿಯ ಸೀರೆಯ ಸೆರಗೂ ಇದ್ದೀತು.

ಶೃಂಗಾರವೇ ಬೇಡವೆಂದು ನಾವು ಹೇಳುತ್ತೇವೆಯೋ? ಎಂದಿಗೂ ಇಲ್ಲ. ಕಣ್ಣಿಗೆ ಆನಂದವಿಲ್ಲದ ಕೋಣೆಯಲ್ಲಿ ಮನಸ್ಸು ಬಹುಕಾಲ ನಿಲ್ಲದು. ಆದರೆ ಶೃಂಗಾರದ ವಸ್ತುಗಳು ಕೆಲವೇ ಆಗಿರಲಿ, ನಮ್ಮ ನಾಡಿನ ಕೈಗಳು ಮಾಡಿದವುಗಳಾಗಿರಲಿ. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳಿಗಿಂತ ಮಕ್ಕಳಿರುವ ಚಾವಡಿಗೆ ಒಪ್ಪುವ ವಸ್ತು ಯಾವುದು? ಬೀದರಿನ ಕಪ್ಪು ಲೋಹದಲ್ಲಿ ಬೆಳ್ಳಿಯನ್ನು ಕೂರಿಸಿದ ಒಂದು ಹೂದಾನಿಯು ಇಡೀ ಗೋಡೆಗೆ ಸಾಕು. ಧಾರವಾಡದ ಕಡೆಯ ಕಸೂತಿಯನ್ನು ಒಂದು ದಿಂಬಿನ ಮೇಲೆ ಹಾಕಿದರೆ ಸಾಲದೆ? ಬಟ್ಟೆಯ ಎಳೆಗಳನ್ನೆಣಿಸುತ್ತ, ಗಂಟು ಹಾಕದೆ ಹೊಲಿಯುವ ಆ ಕಲೆಯು ತಾಳ್ಮೆಗೂ ಗಣಿತಕ್ಕೂ ಒಂದೇ ಸೂಜಿಯಲ್ಲಿ ದಾರವನ್ನು ಪೋಣಿಸುತ್ತದೆ. ಮಗಳು ಹೊಲಿಗೆಯ ತರಗತಿಯಲ್ಲಿ ಮಾಡಿದ ಕೆಲಸವನ್ನು ಪೆಟ್ಟಿಗೆಯ ತಳದಲ್ಲಿ ಹುಗಿದಿಟ್ಟು, ಅಂಗಡಿಯಿಂದ ಪ್ಲಾಸ್ಟಿಕಿನ ಹೂಗಳನ್ನು ತಂದು ನಿಲ್ಲಿಸುವುದು ವಿವೇಕವಲ್ಲ. ಸಾಯಂಕಾಲದ ಕುಟುಂಬ ಪ್ರಾರ್ಥನೆಯುಳ್ಳ ಮನೆಗಳಲ್ಲಿ ಸತ್ಯವೇದಕ್ಕೂ ಗೀತಗಳ ಪುಸ್ತಕಕ್ಕೂ, ಸಂಜೆ ದೀಪ ಹಚ್ಚಿ ಕೈ ಮುಗಿಯುವ ಮನೆಗಳಲ್ಲಿ ಆ ದೀಪಕ್ಕೂ ಗೌರವದ ಸ್ಥಳವು ತಾನಾಗಿ ಇರುತ್ತದೆ. ಆ ಸ್ಥಳದ ಬಳಿಯಲ್ಲಿಯೇ ಮಕ್ಕಳ ಪುಸ್ತಕಗಳನ್ನು ಇಟ್ಟರೆ, ಓದು ಎಷ್ಟು ಗೌರವದ ವಸ್ತುವೆಂದು ಮಾತಿಲ್ಲದೆ ತಿಳಿಯುತ್ತದೆ.

ನಮ್ಮ ಅಭಿಪ್ರಾಯಕ್ಕೆ ಕೆಲವು ಆಕ್ಷೇಪಗಳು ಬರಬಹುದು. ಅತಿಥಿ ಸತ್ಕಾರವು ನಮ್ಮ ದೇಶದ ಧರ್ಮವಲ್ಲವೆ, ಬಂದವರಿಗೆ ಚೊಕ್ಕಟವಾದ ಕೋಣೆ ಬೇಡವೆ ಎಂದು ಕೇಳುವರು. ಬೇಕು, ಆದರೆ ಸತ್ಕಾರವೆಂಬುದು ಮುಖದಲ್ಲಿಯೂ ಮಾತಿನಲ್ಲಿಯೂ ಇರತಕ್ಕದ್ದು. ಪುಸ್ತಕಗಳಿರುವ ಮೇಜನ್ನು ಕಂಡು ಬೇಸರಪಡುವ ಅತಿಥಿಯು ನಮ್ಮ ಸ್ನೇಹಕ್ಕೆ ತಕ್ಕವನಲ್ಲ. ಎರಡನೆಯ ಆಕ್ಷೇಪವು ಸ್ಥಳದ ಅಭಾವದ್ದು. ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಗಲ್ಫ್ ದೇಶಗಳಲ್ಲಿಯೂ ಚಿಕ್ಕ ಫ್ಲಾಟುಗಳಲ್ಲಿ ಸಂಸಾರ ಮಾಡುವ ನಮ್ಮ ಸಹೋದರಿಯರ ಕಷ್ಟವನ್ನು ನಾವು ಬಲ್ಲೆವು. ಅವರಿಗೇ ಈ ಮಾತುಗಳು ಹೆಚ್ಚಾಗಿ ಬೇಕು. ಮೂವರು ಕೂರುವ ಒಂದು ಸೋಫಾವು ಆರಡಿಗಿಂತಲೂ ಹೆಚ್ಚು ಉದ್ದದ ನೆಲವನ್ನು ನುಂಗುತ್ತದೆ. ಅದನ್ನು ಬಿಟ್ಟು, ಒಳಗೆ ಹಾಸಿಗೆ ಬಟ್ಟೆಗಳನ್ನು ತುಂಬಬಹುದಾದ ಪೆಟ್ಟಿಗೆಯಂಥ ದಿವಾನವನ್ನೂ, ಮಡಿಸುವ ಎರಡು ಕುರ್ಚಿಗಳನ್ನೂ, ಗೋಡೆಗೆ ತಿರುಗಣೆಯಿಂದ ಜೋಡಿಸಿದ ಮೇಜಿನ ಹಲಗೆಯನ್ನೂ ಇಟ್ಟುಕೊಂಡರೆ ಅದೇ ಕೋಣೆಯು ಹಗಲಿಗೆ ಚಾವಡಿ, ಸಂಜೆಗೆ ಪಾಠಶಾಲೆ, ರಾತ್ರಿಗೆ ಮಲಗುವ ಮನೆಯಾಗುತ್ತದೆ. ಮೂರನೆಯ ಆಕ್ಷೇಪವು ಹಣದ್ದು. ನಾವು ಹೇಳಿದವುಗಳಲ್ಲಿ ಹೆಚ್ಚಿನವು ಕೊಳ್ಳುವುದಕ್ಕಿಂತ ಸರಿಸುವ ಕೆಲಸಗಳು. ಕಂತಿನ ಸಾಲದಿಂದ ಸೋಫಾ ತಂದು, ಮಗಳ ದೀಪಕ್ಕೆ ಹಣವಿಲ್ಲವೆನ್ನುವುದು ಬಡತನವಲ್ಲ.

ಇವೆಲ್ಲಕ್ಕಿಂತಲೂ ಕಠಿನವಾದ ಆಕ್ಷೇಪವು ಒಂದುಂಟು. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಗಂಡಸರು ಬಂದು ಕುಳಿತರೆ ಹುಡುಗಿಯು ಪುಸ್ತಕಗಳನ್ನು ಎತ್ತಿಕೊಂಡು ಒಳಗೆ ಹೋಗಬೇಕೆಂಬುದು ಅನೇಕ ಮನೆಗಳಲ್ಲಿ ಬರೆಯದ ಕಟ್ಟಳೆಯಾಗಿದೆ. ಅಣ್ಣನು ಅಲ್ಲಿಯೇ ಕುಳಿತು ಓದಬಹುದು. ಅದನ್ನು ಕಂಡು ಬಂದವರು ಮೆಚ್ಚುತ್ತಾರೆ. ತಂಗಿಯು ಕುಳಿತರೆ ಅವಳಿಗೆ ಸಂಕೋಚವಿಲ್ಲವೆನ್ನುತ್ತಾರೆ. ಈ ಕಟ್ಟಳೆಯು ಹೋಗದೆ ಮೇಜಿನಿಂದಾಗಲಿ ದೀಪದಿಂದಾಗಲಿ ಪ್ರಯೋಜನವಿಲ್ಲ. ತಂದೆಯಾದವನು ಒಮ್ಮೆ, ಒಂದೇ ಒಮ್ಮೆ, ಬಂದವರ ಎದುರಿನಲ್ಲಿ “ಮಗಳೇ, ನೀನು ಏಳಬೇಡ, ಓದಮ್ಮ; ನಾವು ಜಗಲಿಯಲ್ಲಿ ಕುಳಿತುಕೊಳ್ಳುತ್ತೇವೆ” ಎಂದು ಹೇಳಲಿ. ಆ ಮಾತನ್ನು ಅವಳು ಆಯುಷ್ಯದಲ್ಲಿ ಮರೆಯಳು. ಟೀವಿಯ ವಿಷಯದಲ್ಲಿಯೂ ಹಾಗೆಯೇ. ಪರೀಕ್ಷೆಯ ತಿಂಗಳಲ್ಲಿ ಮಾತ್ರ ಅದನ್ನು ಮುಚ್ಚುವುದು ಸಾಲದು. ದಿನವೂ ಏಳರಿಂದ ಒಂಬತ್ತು ಗಂಟೆಯವರೆಗೆ ಮನೆಯ ಹಿರಿಯರೂ ಮೌನದ ನಿಯಮವನ್ನು ಪಾಲಿಸಲಿ. ಕೈಯ ಫೋನುಗಳಿಗೂ ಈ ನಿಯಮವು ಸಲ್ಲುತ್ತದೆ.

ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರಿಗೆ ನಮ್ಮ ಕೊನೆಯ ಮಾತು. ಮನೆಯ ಸಾಮಾನನ್ನು ಎಲ್ಲಿಡಬೇಕೆಂಬ ತೀರ್ಮಾನವು ಬಹುಪಾಲು ಮನೆಗಳಲ್ಲಿ ನಿಮ್ಮ ಕೈಯಲ್ಲಿದೆ. ಆಸ್ತಿಯ ಪತ್ರದಲ್ಲಿ ನಿಮ್ಮ ಹೆಸರು ಇರಲಿ ಇಲ್ಲದಿರಲಿ, ಒಂದು ಕುರ್ಚಿಯನ್ನು ಕಿಟಿಕಿಯ ಬಳಿಗೆ ಸರಿಸುವ ಅಧಿಕಾರವು ನಿಮಗುಂಟು. ನಮ್ಮನ್ನು ಕಲಿಸಿದ ಉಪಾಧ್ಯಾಯಿನಿಯರು ನಮಗೆ ಓದಲು ಬರುವಂತೆ ಮಾಡಿದರು. ನಮ್ಮ ಮಕ್ಕಳು ಓದುವುದಕ್ಕೆ ಕುಳಿತುಕೊಳ್ಳುವಂತೆ ಮಾಡುವುದು ನಮ್ಮ ಪಾಲಿನ ಕೆಲಸವಾಗಿದೆ. ತಾಯಿತಂದೆಗಳು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ತಮ್ಮ ಚಾವಡಿಯ ನಡುವೆ ಒಂದು ನಿಮಿಷ ನಿಂತು, ಇಲ್ಲಿ ನಮ್ಮ ಮಗಳ ಸ್ಥಳವು ಯಾವುದು ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಬೆರಳಿನಿಂದ ತೋರಿಸುವುದಕ್ಕೆ ಒಂದು ಸ್ಥಳವು ದೊರೆತರೆ ಆ ಕೋಣೆಯು ಅಲಂಕೃತವಾಗಿದೆಯೆಂದೇ ತಿಳಿಯಲಿ. ದೊರೆಯದಿದ್ದರೆ, ಸೋಫಾವನ್ನು ಸರಿಸುವ ಕೆಲಸವನ್ನು ಈ ಸಾಯಂಕಾಲವೇ ಆರಂಭಿಸಲಿ ಎಂದು ನಮ್ಮ ವಿನಯಪೂರ್ವಕವಾದ ಬಿನ್ನಹ.